ಹಳೆ ಸರ್ವರ್‌ನ ರೇಡ್ ಕಾರ್ಡ್ ಹಾಕಿದರೆ ಹೊಸ ಮದರ್‌ಬೋರ್ಡ್ ಆನ್ ಆಗುತ್ತಿಲ್ಲ, ದಾರಿ ಇದೆಯಾ?

ಗಂಗಾವತಿ ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದು ಫೋಟೋ, ವಿಡಿಯೋ ಸ್ಟುಡಿಯೋ. ಈಗ ಒಂದೊಂದು ಮದುವೆಯ ವಿಡಿಯೋನೇ ನೂರಾರು ಜಿಬಿ ಆಗುತ್ತದೆ. ಪಾರ್ಟಿಯವರು ಎರಡು ವರ್ಷ ಬಿಟ್ಟು ಬಂದು "ಆ ಅಕ್ಷತೆ ಹಾಕಿದ್ದು ಇನ್ನೊಂದು ಸಲ ಕೊಡ್ರಿ" ಅಂತ ಕೇಳುತ್ತಾರೆ. ಹಾಗಾಗಿ ಯಾವುದನ್ನೂ ಅಳಿಸುವ ಹಾಗಿಲ್ಲ. ಡಿಸ್ಕ್‌ಗಳು ಹೆಚ್ಚಾಗುತ್ತಲೇ ಇವೆ, ಮದರ್‌ಬೋರ್ಡ್‌ನಲ್ಲಿರುವುದು ನಾಲ್ಕೇ ಸಾಟಾ ಪೋರ್ಟ್ (ಡಿಸ್ಕ್ ಸಿಕ್ಕಿಸುವ ಜಾಗ).

ಪರಿಚಯದವರೊಬ್ಬರು ಹಳೆ ಸರ್ವರ್ ಬಿಚ್ಚಿದಾಗ ಸಿಕ್ಕ ರೇಡ್ ಕಾರ್ಡ್ (ಹಲವು ಡಿಸ್ಕ್ ಒಟ್ಟಿಗೆ ಸೇರಿಸಿ ನಡೆಸುವ ಕಾರ್ಡ್) ಕೊಟ್ಟಿದ್ದಾರೆ. ಡೆಲ್ ಪರ್ಕ್ ಎಚ್310. ಎಂಟು ಡಿಸ್ಕ್ ಹಾಕಬಹುದಂತೆ. ನನ್ನ ಸಿಸ್ಟಮ್ ಬಿ660 ಬೋರ್ಡ್, 12ನೇ ಜನರೇಶನ್ ಐ5, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಾರ್ಡ್ ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತವೆ, ಡಿಸ್‌ಪ್ಲೇ ಬರುವುದಿಲ್ಲ. ಕಾರ್ಡ್ ತೆಗೆದರೆ ಎಲ್ಲ ಸರಿ. ಉದ್ದ ಸ್ಲಾಟ್ ಎರಡರಲ್ಲೂ ಇದೇ ಕಥೆ. ಕಾರ್ಡ್ ಸತ್ತಿದೆಯಾ, ಇಲ್ಲ ನನ್ನ ಬೋರ್ಡ್‌ಗೆ ಆಗಿಬರುವುದಿಲ್ಲವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೌಲ್‌ಬಜಾರ್ ಹಾರ್ಡ್‌ವೇರ್

ನಮಸ್ಕಾರ ಅಣ್ಣ. ಕಾರ್ಡ್ ಸತ್ತಿದೆ ಅಂತ ಈಗಲೇ ಎತ್ತಿಡಬೇಡಿ. ಈ ಕಾರ್ಡ್‌ಗಳು ಸರ್ವರ್‌ಗೆ ಅಂತ ಮಾಡಿದವು, ನಮ್ಮ ಮನೆ ಬೋರ್ಡ್‌ಗಳ ಜೊತೆ ಸೇರಿಸಿ ಅವನ್ನು ಯಾರೂ ಟೆಸ್ಟ್ ಮಾಡಿರುವುದಿಲ್ಲ.

ಮೊದಲು ಒಂದು ವಿಷಯ ತಿಳಿಯಬೇಕು. ಡಿಸ್‌ಪ್ಲೇ ಮಾತ್ರ ಬರುತ್ತಿಲ್ಲವೋ, ಸಿಸ್ಟಮ್ಮೇ ಶುರು ಆಗುತ್ತಿಲ್ಲವೋ? ಇವೆರಡೂ ಬೇರೆ ಬೇರೆ ರೋಗ. ಕೆಲವು ಬೋರ್ಡ್‌ಗಳು ಮೊದಲ ಉದ್ದ ಸ್ಲಾಟ್‌ನಲ್ಲಿ ಏನೋ ಕೂತಿದೆ ಅಂದ ಕೂಡಲೇ ಅದು ಗ್ರಾಫಿಕ್ಸ್ ಕಾರ್ಡ್ ಅಂದುಕೊಂಡು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಆಫ್ ಮಾಡಿಬಿಡುತ್ತವೆ. ಒಳಗೆ ವಿಂಡೋಸ್ ಆರಾಮಾಗಿ ಓಡುತ್ತಿರುತ್ತದೆ, ಮಾನಿಟರ್ ಮಾತ್ರ ಕಪ್ಪು. ಅದಾಗಿದ್ದರೆ ಕಾರ್ಡ್ ತೆಗೆದು, ಬಯೋಸ್‌ಗೆ (ಆನ್ ಮಾಡಿದ ಕೂಡಲೇ ಓಡುವ ಬೋರ್ಡ್‌ನ ಸ್ವಂತ ಪ್ರೋಗ್ರಾಂ) ಹೋಗಿ, ಪ್ರೈಮರಿ ಡಿಸ್‌ಪ್ಲೇ ಅನ್ನುವುದನ್ನು ಆಟೋದಿಂದ ಒಳಗಿನ ಗ್ರಾಫಿಕ್ಸ್‌ಗೆ ಬದಲಾಯಿಸಿ ಸೇವ್ ಮಾಡಿದರೆ ಸಾಕು. ಸೀಮಾಸ್ ಬ್ಯಾಟರಿ (ಸೆಟ್ಟಿಂಗ್ ಉಳಿಸುವ ಬೋರ್ಡ್ ಮೇಲಿನ ಸಣ್ಣ ಸೆಲ್) ಹಳೆಯದಾಗಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಆ ಸೆಟ್ಟಿಂಗ್ ಅಳಿಸಿಹೋಗಿ ಮತ್ತೆ ಕಪ್ಪು ಪರದೆ.

ಹಾಗಾಗಿ ಈಗ ಕಾರ್ಡ್ ಹಾಕಿ, ಲ್ಯಾನ್ ವೈರ್ ಸಿಕ್ಕಿಸಿ ಆನ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಕೀಬೋರ್ಡ್‌ನಲ್ಲಿ ನಮ್ ಲಾಕ್ ಒತ್ತಿದರೆ ಲೈಟ್ ಬದಲಾಗುತ್ತದಾ? ರೂಟರ್ ಪೇಜ್‌ನಲ್ಲಿ ಈ ಸಿಸ್ಟಮ್ ಕಾಣುತ್ತದಾ? ಬೋರ್ಡ್ ಮೂಲೆಯಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ಲೈಟ್ ಇದ್ದರೆ ಅದರಲ್ಲಿ ಯಾವುದು ಉರಿಯುತ್ತಿದೆ? ಈ ಮೂರು ಹೇಳಿ.

ಗಂಗಾವತಿ ಸ್ಟುಡಿಯೋ

ಥ್ಯಾಂಕ್ಸ್ ಅಣ್ಣ. ನೋಡಿದೆ. ನಮ್ ಲಾಕ್ ಬದಲಾಗುವುದಿಲ್ಲ. ರೂಟರ್‌ನಲ್ಲೂ ಕಾಣುವುದಿಲ್ಲ. ಬೋರ್ಡ್‌ನಲ್ಲಿ ಡಿರ‍್ಯಾಮ್ ಲೈಟ್ ಹತ್ತಿ ಅಲ್ಲೇ ನಿಂತಿದೆ. ರ‍್ಯಾಮ್ ಕಿತ್ತು ಮತ್ತೆ ಹಾಕಿದರೂ ಅಷ್ಟೇ. ಕಾರ್ಡ್ ತೆಗೆದರೆ ಅದೇ ರ‍್ಯಾಮ್ ಸರಿಯಾಗಿ ಕೆಲಸ ಮಾಡುತ್ತದೆ.

ಕೌಲ್‌ಬಜಾರ್ ಹಾರ್ಡ್‌ವೇರ್

ಡಿರ‍್ಯಾಮ್ ಲೈಟ್ ಅಂದರೆ ವಿಷಯ ಗೊತ್ತಾಯಿತು. ಇದು ಎಸ್‌ಎಂ ಬಸ್ ತಕರಾರು. ಪರ್ಕ್ ಕಾರ್ಡ್‌ಗಳನ್ನು ಇಂಟೆಲ್ ಚಿಪ್‌ಸೆಟ್‌ನ ಸಾದಾ ಬೋರ್ಡ್‌ಗಳಲ್ಲಿ ಹಾಕಿದಾಗ ಇದು ಎಲ್ಲ ಕಡೆ ಕಾಣಿಸಿಕೊಳ್ಳುವ ತೊಂದರೆ.

ವಿಷಯ ಇಷ್ಟೇ. ಬೋರ್ಡ್ ಆನ್ ಆದ ಕೂಡಲೇ ಬಯೋಸ್ ಪ್ರತಿ ರ‍್ಯಾಮ್ ಕಡ್ಡಿಯನ್ನೂ "ನೀನು ಎಷ್ಟು ಜಿಬಿ, ನಿನ್ನ ಸ್ಪೀಡ್ ಎಷ್ಟು" ಅಂತ ವಿಚಾರಿಸುತ್ತದೆ. ಆ ವಿಚಾರಣೆ ನಡೆಯುವುದು ಎಸ್‌ಎಂ ಬಸ್ ಅನ್ನುವ ಎರಡು ತಂತಿಯ ಲೈನ್ ಮೇಲೆ. ಅದೇ ಲೈನ್ ಕಾರ್ಡ್ ಹಾಕುವ ಪಿಸಿಐಇ ಸ್ಲಾಟ್‌ಗೂ ಹೋಗಿರುತ್ತದೆ. ಸರ್ವರ್ ಕಾರ್ಡ್ ತನ್ನ ಮ್ಯಾನೇಜ್‌ಮೆಂಟ್ ಕೆಲಸಕ್ಕೆ ಅದೇ ಲೈನ್ ಮೇಲೆ ಕೂತಿರುತ್ತದೆ. ಬಯೋಸ್ ರ‍್ಯಾಮ್ ಅನ್ನು ಕೇಳಿದಾಗ ನಡುವೆ ಕಾರ್ಡ್ ಬಾಯಿ ಹಾಕುತ್ತದೆ. ಬಯೋಸ್‌ಗೆ ರ‍್ಯಾಮ್ ವಿವರ ಸಿಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಕೆಲವು ಬೋರ್ಡ್‌ಗಳು ಶುರು ಆಗುತ್ತವೆ, ಆದರೆ ಅರ್ಧ ರ‍್ಯಾಮ್ ಮಾತ್ರ ತೋರಿಸುತ್ತವೆ. ಕಾರಣ ಅದೇ.

ಪರಿಹಾರ: ಕಾರ್ಡ್‌ನಲ್ಲಿ ಆ ಎರಡು ಪಿನ್ ಮುಚ್ಚಬೇಕು. ಡಿಸ್ಕ್‌ನ ಡೇಟಾಕ್ಕೂ ಆ ಪಿನ್‌ಗಳಿಗೂ ಸಂಬಂಧ ಇಲ್ಲ. ಮುಚ್ಚಿದರೆ ಸ್ಪೀಡ್ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಕಾರ್ಡ್ ಅನ್ನು ಹೀಟ್‌ಸಿಂಕ್ ನಿಮ್ಮ ಕಡೆ, ಬಂಗಾರದ ಬಣ್ಣದ ಪಿನ್‌ಗಳು ಕೆಳಗೆ ಬರುವ ಹಾಗೆ ಹಿಡಿದುಕೊಳ್ಳಿ. ಸ್ಕ್ರೂ ಹಾಕುವ ತಗಡಿನ ಪಟ್ಟಿ ಎಡಗಡೆ ಇರುತ್ತದೆ. ಪಿನ್‌ಗಳ ಸಾಲಿನ ನಡುವೆ ಒಂದು ಕಚ್ಚು ಇದೆ, ನೋಡಿ. ಅದರ ಎಡಕ್ಕೆ ಹನ್ನೊಂದು ಪಿನ್. ಎಡದಿಂದ ಎಣಿಸಿ. ಐದನೆಯದು ಕ್ಲಾಕ್, ಆರನೆಯದು ಡೇಟಾ. ಪಟ್ಟಿಗಳಲ್ಲಿ ಇವನ್ನೇ ಬಿ5, ಬಿ6 ಅಂತ ಬರೆದಿರುತ್ತಾರೆ. ಈ ಎರಡನ್ನೇ ಮುಚ್ಚಬೇಕು, ನಾಲ್ಕು ಮತ್ತು ಏಳು ತೆರೆದೇ ಇರಲಿ, ಅವು ಗ್ರೌಂಡ್. ಹಿಂಬದಿಯ ಪಿನ್‌ಗಳನ್ನು ಮುಟ್ಟಬೇಡಿ.

ಒಂದು ಪಿನ್ನಿಂದ ಇನ್ನೊಂದಕ್ಕೆ ಅಂತರ ಸರಿಯಾಗಿ ಒಂದು ಮಿಲಿಮೀಟರ್. ಅಂದರೆ ಟೇಪ್ ಎರಡು ಮಿಲಿಮೀಟರ್‌ಗಿಂತ ಒಂದು ಕೂದಲು ಕಡಿಮೆ ಅಗಲ ಇರಬೇಕು. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಹಳದಿ ಬಣ್ಣದ ಹೀಟ್ ಟೇಪ್ ಇರುತ್ತದೆ, ಅದೇ ಬೇಕು. ಸೆಲ್ಲೋ ಟೇಪ್ ಬೇಡ, ಸೆಕೆಗೆ ಅದರ ಅಂಟು ಕರಗಿ ಸ್ಲಾಟ್ ಒಳಗೆ ಇಳಿಯುತ್ತದೆ, ನಮ್ಮ ಬಳ್ಳಾರಿ ಬಿಸಿಲಿಗಂತೂ ಬೇಡವೇ ಬೇಡ. ಪಿನ್‌ಗಳನ್ನು ಮೊದಲು ಐಪಿಎ (ಸ್ವಚ್ಛ ಮಾಡುವ ಆಲ್ಕೋಹಾಲ್) ಹಚ್ಚಿದ ಬಟ್ಟೆಯಿಂದ ಒರೆಸಿ. ಬ್ಲೇಡ್‌ನಿಂದ ಕತ್ತರಿಸಿದ ಟೇಪ್ ಚೂರನ್ನು ಚಿಮಟದಲ್ಲಿ ಹಿಡಿದು ಅಂಟಿಸಿ, ಕೆಳ ಅಂಚಿನಿಂದ ಚೂರು ಹಿಂದಕ್ಕೆ ಮಡಚದೆ ಅಂಚಿನವರೆಗೆ ಮಾತ್ರ ಬಿಡಿ, ಉಗುರಿನಿಂದ ಒತ್ತಿ. ಸ್ಲಾಟ್‌ಗೆ ಹಾಕುವಾಗ ನೇರ ಒತ್ತಿ, ಅಲುಗಾಡಿಸಿದರೆ ಟೇಪ್ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಆಮೇಲೆ ಕಾರ್ಡ್ ಒಂದು ಸಲ ಹೊರತೆಗೆದು ಟೇಪ್ ಜಾಗದಲ್ಲೇ ಇದೆಯಾ ಅಂತ ನೋಡಿ, ಮತ್ತೆ ಹಾಕಿ.

ಸಿಂಧನೂರು ನೆಟ್

ಇಷ್ಟೆಲ್ಲ ಯಾಕೆ ಸರ್? ಹೊಸ ಸಾಟಾ ಕಾರ್ಡ್‌ಗಳು ಬಂದಿವೆ. ಎಎಸ್‌ಎಂ1166 ಚಿಪ್ ಇರುವುದರಲ್ಲಿ ಆರು ಪೋರ್ಟ್, ಜೆಎಂಬಿ585ರಲ್ಲಿ ಐದು ಪೋರ್ಟ್. ಎರಡೂ ಪಿಸಿಐಇ 3.0, ಎರಡು ಲೇನ್ (ಡೇಟಾ ಹೋಗುವ ದಾರಿ). ಟೇಪ್ ಬೇಡ, ಫರ್ಮ್‌ವೇರ್ (ಕಾರ್ಡ್ ಒಳಗಿನ ತಂತ್ರಾಂಶ) ಬದಲಾಯಿಸುವುದು ಬೇಡ, ಹಾಕಿದ ಕೂಡಲೇ ಕೆಲಸ. ಕರೆಂಟೂ ಕಡಿಮೆ ತಿನ್ನುತ್ತವೆ. ನಿಮ್ಮದರಂಥ ಹಳೆ ಎಲ್‌ಎಸ್‌ಐ ಚಿಪ್‌ನ ಕಾರ್ಡ್ ಇದ್ದರೆ ಪ್ರೊಸೆಸರ್ ಖಾಲಿ ಇದ್ದಾಗಲೂ ಪೂರ್ತಿ ನಿದ್ದೆಗೆ ಹೋಗುವುದಿಲ್ಲ. ದಿನಪೂರ್ತಿ ಆನ್ ಇರುವ ಸಿಸ್ಟಮ್‌ಗೆ ಇದು ಲೆಕ್ಕಕ್ಕೆ ಬರುತ್ತದೆ.

ಕೌಲ್‌ಬಜಾರ್ ಹಾರ್ಡ್‌ವೇರ್

ನಿಮ್ಮ ಮಾತು ಒಪ್ಪುತ್ತೇನೆ. ನಾಲ್ಕೈದು ಡಿಸ್ಕ್ ಸಾಕು ಅನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಕೊಂಡುಕೊಳ್ಳಬೇಕಾದರೆ ಹೊಸದನ್ನೇ ಕೊಳ್ಳಿ.

ಆದರೆ ಇಲ್ಲಿ ಕಾರ್ಡ್ ಕೈಯಲ್ಲಿದೆ. ಅದರ ಒಳಗಿರುವ ಸ್ಯಾಸ್2008 ಚಿಪ್ ಸಾಮಾನ್ಯದ್ದಲ್ಲ. ಎಲ್‌ಎಸ್‌ಐ 9211-8ಐ, ಐಬಿಎಂ ಎಂ1015, ಡೆಲ್ ಎಚ್200, ಎಚ್310 ಎಲ್ಲದರಲ್ಲೂ ಇರುವುದು ಇದೇ ಚಿಪ್. ಪಿಸಿಐಇ 2.0, ಎಂಟು ಲೇನ್, ಅಂದರೆ ಸೆಕೆಂಡಿಗೆ 4000 ಎಂಬಿ ದಾರಿ. ನಾಲ್ಕು ಲೇನ್ ಸ್ಲಾಟ್‌ನಲ್ಲಿ ಕೂತರೂ 2000 ಎಂಬಿ ಸಿಗುತ್ತದೆ. ಎಂಟು ಹಾರ್ಡ್ ಡಿಸ್ಕ್ ಒಟ್ಟಿಗೆ ತಲಾ 200 ಎಂಬಿ ಓದಿದರೂ 1600 ದಾಟುವುದಿಲ್ಲ. ಸ್ಯಾಸ್ ಡಿಸ್ಕ್‌ಗಳೂ (ಸರ್ವರ್‌ಗೆ ಅಂತ ಮಾಡಿದ ಡಿಸ್ಕ್‌ಗಳು) ನಡೆಯುತ್ತವೆ, ಅದು ಆ ಸಾಟಾ ಕಾರ್ಡ್‌ಗಳಲ್ಲಿ ಆಗುವುದಿಲ್ಲ. ಕಂಪನಿಗಳಿಂದ ಹೊರಬರುವ ಸ್ಯಾಸ್ ಡಿಸ್ಕ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗ. ಇಷ್ಟು ಗಟ್ಟಿ ಮಾಲು ಗುಜರಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೂ ಹಳೆಯದಾಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಸ್ಯಾಸ್1068ಇ ಚಿಪ್ ಇರುವವು, ಹಾಗೇ ಪರ್ಕ್ 5ಐ, 6ಐ ಇವೆಲ್ಲ 2 ಟಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ನೋಡುವುದಿಲ್ಲ. 8 ಟಿಬಿ ಡಿಸ್ಕ್ ಹಾಕಿ 2 ಟಿಬಿ ಉಪಯೋಗಿಸುವುದು ಯಾಕೆ? ಯಾರಾದರೂ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಮೊದಲು ಚಿಪ್ ನಂಬರ್ ಕೇಳಿ.

ಗಂಗಾವತಿ ಸ್ಟುಡಿಯೋ

ಅಣ್ಣ, ಬಂತು! ಟೇಪ್ ಹಾಕಿದ ಮೇಲೆ ಡಿಸ್‌ಪ್ಲೇ ಬಂತು, ರ‍್ಯಾಮ್ ಪೂರ್ತಿ ತೋರಿಸುತ್ತಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ ಹುಡುಗ ತನ್ನ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಅಚ್ಚುಕಟ್ಟಾಗಿ ಅಂಟಿಸಿಕೊಟ್ಟ, ದುಡ್ಡೂ ತೆಗೆದುಕೊಳ್ಳಲಿಲ್ಲ. ತುಂಬಾ ಉಪಕಾರವಾಯಿತು.

ಈಗ ಇನ್ನೊಂದು ಪ್ರಶ್ನೆ. ಕಂಟ್ರೋಲ್ ಆರ್ ಒತ್ತಿದರೆ ಕಾರ್ಡ್‌ನ ಸೆಟಪ್ ಬರುತ್ತದೆ ಅಂತ ಓದಿದೆ. ನನಗೆ ಆ ಬರಹವೇ ಕಾಣುವುದಿಲ್ಲ, ನೇರ ವಿಂಡೋಸ್‌ಗೆ ಹೋಗುತ್ತದೆ. ಬಯೋಸ್‌ನಲ್ಲಿ ಸಿಎಸ್‌ಎಂ ಆನ್ ಮಾಡೋಣ ಅಂದರೆ ಅದು ಮಸುಕಾಗಿದೆ, ಮುಟ್ಟಲು ಬಿಡುವುದಿಲ್ಲ.

ಶಕ್ತಿನಗರ ಲಿನಕ್ಸ್

ರಾಯಚೂರು ಕಡೆಯಿಂದ ನಮಸ್ಕಾರ. ಇದಕ್ಕೆ ನಾನು ಹೇಳುತ್ತೇನೆ.

ಕಾರ್ಡ್ ಮೇಲೆ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಆಪ್ಷನ್ ರೋಮ್ ಅಂತಾರೆ. ಹಳೆ ಬಯೋಸ್ ಕಾಲದಲ್ಲಿ ಬೋರ್ಡ್ ಅದನ್ನು ಓಡಿಸುತ್ತಿತ್ತು, ಆಗ ಕಂಟ್ರೋಲ್ ಆರ್ ಬರಹ ಬರುತ್ತಿತ್ತು. ಈಗಿನ ಬೋರ್ಡ್‌ಗಳಲ್ಲಿ ಇರುವುದು ಯುಇಎಫ್‌ಐ, ಬಯೋಸ್‌ನ ಹೊಸ ರೂಪ. ಹಳೆ ತರಹದ ರೋಮ್ ಓಡಬೇಕಾದರೆ ಸಿಎಸ್‌ಎಂ ಅನ್ನುವ ಹೊಂದಾಣಿಕೆ ಪದರ ಬೇಕು. 2020ರ ಹೊತ್ತಿಗೆ ಸಿಎಸ್‌ಎಂ ಬಿಡುತ್ತೇವೆ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು. ಈಗ ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಬಹಳಷ್ಟು ಹೊಸ ಬೋರ್ಡ್‌ಗಳಲ್ಲಿ ಸಿಎಸ್‌ಎಂ ಆನ್ ಆಗುವುದೇ ಇಲ್ಲ. ನಿಮ್ಮದು ಮಸುಕಾಗಿರುವುದು ಅದಕ್ಕೇ.

ಇದರಿಂದ ನಿಮಗೆ ನಷ್ಟ ಇಲ್ಲ. ಆಪ್ಷನ್ ರೋಮ್ ಬೇಕಾಗುವುದು ಎರಡಕ್ಕೆ ಮಾತ್ರ: ಆ ಸೆಟಪ್ ಪರದೆಗೆ, ಮತ್ತೆ ಕಾರ್ಡ್‌ಗೆ ಸಿಕ್ಕಿಸಿದ ಡಿಸ್ಕ್‌ನಿಂದಲೇ ಬೂಟ್ ಮಾಡುವುದಕ್ಕೆ. ನೀವು ಬೂಟ್ ಮಾಡುವುದು ಎನ್‌ವಿಎಂಇಯಿಂದ (ಬೋರ್ಡ್ ಮೇಲೇ ಕೂರುವ ಎಸ್‌ಎಸ್‌ಡಿ) ಅಲ್ವಾ? ಹಾಗಾದರೆ ವಿಂಡೋಸ್ ಅಥವಾ ಲಿನಕ್ಸ್ ಎದ್ದ ಮೇಲೆ ಅದರ ಡ್ರೈವರ್ ಕಾರ್ಡ್ ಜೊತೆ ನೇರ ಮಾತಾಡುತ್ತದೆ. ಬಯೋಸ್ ಪಟ್ಟಿಯಲ್ಲಿ ಡಿಸ್ಕ್ ಕಾಣಲಿಲ್ಲ ಅಂತ ಹೆದರಬೇಡಿ.

ನನ್ನ ಸಲಹೆ: ಈ ಕಾರ್ಡ್ ಅನ್ನು ಐಟಿ ಮೋಡ್‌ಗೆ ಬದಲಾಯಿಸಿ. ಆಗ ಅದು ರೇಡ್ ಕಾರ್ಡ್ ಆಗಿ ಉಳಿಯುವುದಿಲ್ಲ, ಬರೀ ಎಂಟು ಪೋರ್ಟ್ ಕೊಡುವ ಕಾರ್ಡ್ ಆಗುತ್ತದೆ. ಪ್ರತಿ ಡಿಸ್ಕ್ ಅದರ ಸ್ವಂತ ಹೆಸರು, ಸೀರಿಯಲ್ ನಂಬರ್ ಸಮೇತ ಕಾಣುತ್ತದೆ, ಸ್ಮಾರ್ಟ್ ವರದಿ (ಡಿಸ್ಕ್‌ನ ಆರೋಗ್ಯದ ವಿವರ) ನೇರ ಸಿಗುತ್ತದೆ. ನಾಳೆ ಕಾರ್ಡ್ ಹೋದರೂ ಡಿಸ್ಕ್ ಕಿತ್ತು ಯಾವ ಸಿಸ್ಟಮ್‌ಗೆ ಬೇಕಾದರೂ ಹಾಕಬಹುದು. ಇನ್ನೊಂದು ಕಾರಣ: ಎಚ್310ರ ಮೂಲ ಫರ್ಮ್‌ವೇರ್‌ನಲ್ಲಿ ಕ್ಯೂ ಡೆಪ್ತ್ ಬರೀ 25. ಅಂದರೆ ಎಂಟೂ ಡಿಸ್ಕ್ ಸೇರಿ ಒಮ್ಮೆಗೆ ಸರದಿಯಲ್ಲಿ ನಿಲ್ಲಿಸಬಹುದಾದ ಕೆಲಸ ಅಷ್ಟೇ. ಐಟಿ ಫರ್ಮ್‌ವೇರ್‌ನಲ್ಲಿ ಅದು 600.

ಆದರೆ ಈ ಕೆಲಸವನ್ನು ನಿಮ್ಮ ಹೊಸ ಬೋರ್ಡ್‌ನಲ್ಲಿ ಮಾಡಬೇಡಿ. ಎಚ್61 ಅಥವಾ ಎಚ್81 ಕಾಲದ ಬೋರ್ಡ್ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ, ಅದನ್ನು ತನ್ನಿ. ಅದರಲ್ಲಿ ಡಾಸ್ ಬೂಟ್ ಕೂಡ ಆಗುತ್ತದೆ, ಯುಇಎಫ್‌ಐ ಶೆಲ್ (ಕಮಾಂಡ್ ಟೈಪ್ ಮಾಡುವ ಪರದೆ) ಕೂಡ ಬರುತ್ತದೆ, ನಮಗೆ ಎರಡೂ ಬೇಕು. ಟೇಪ್ ಇರಲಿ. ಸಿಸ್ಟಮ್‌ಗೆ ಯುಪಿಎಸ್ ಇರಲೇಬೇಕು. ಕಾರ್ಡ್‌ಗೆ ಒಂದು ಡಿಸ್ಕ್ ಕೂಡ ಸಿಕ್ಕಿಸಿರಬಾರದು.

ಶುರು ಮಾಡುವ ಮುಂಚೆ ಕಾರ್ಡ್ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಸ್ಯಾಸ್ ವಿಳಾಸ ಬರೆದುಕೊಳ್ಳಿ, ಫೋಟೋನೂ ತೆಗೆದಿಡಿ. ಹದಿನಾರು ಅಂಕಿ ಅಕ್ಷರಗಳು ಇರುತ್ತವೆ. ಮೊದಲು ಫ್ರೀಡಾಸ್ ಪೆನ್‌ಡ್ರೈವ್‌ನಿಂದ ಎದ್ದು ಮೆಗಾರೆಕ್ ಅನ್ನುವ ಉಪಕರಣದಲ್ಲಿ ಎಸ್‌ಬಿಆರ್ ಕಾಪಿ ತೆಗೆದಿಡಿ. ಇದು ಕಾರ್ಡ್‌ನ ಗುರುತಿನ ಚೀಟಿ, ಅದನ್ನು ಕಳೆದುಕೊಳ್ಳಬಾರದು. ಆಮೇಲೆ ಅದೇ ಮೆಗಾರೆಕ್‌ನಲ್ಲಿ ಖಾಲಿ ಎಸ್‌ಬಿಆರ್ ಬರೆದು ಫ್ಲ್ಯಾಶ್ ಅಳಿಸಿ, ರೀಸ್ಟಾರ್ಟ್ ಮಾಡಿ. ಮುಂದಿನದು ಯುಇಎಫ್‌ಐ ಶೆಲ್‌ನಲ್ಲಿ, ಫರ್ಮ್‌ವೇರ್ ಬರೆಯುವ ಸಾಸ್2ಫ್ಲ್ಯಾಶ್‌ನ ಇಎಫ್‌ಐ ಆವೃತ್ತಿ ಬಳಸಿ. ಡಾಸ್ ಆವೃತ್ತಿ ಈಚಿನ ಬೋರ್ಡ್‌ಗಳಲ್ಲಿ "ಫೇಲ್ಡ್ ಟು ಇನಿಶಿಯಲೈಜ್ ಪಾಲ್" ಅಂತ ಹೇಳಿ ನಿಂತುಬಿಡುತ್ತದೆ. ಇಎಫ್‌ಐ ಆವೃತ್ತಿಯೂ "ಅಪ್ಲಿಕೇಶನ್ ಶೆಲ್‌ನಿಂದ ಶುರು ಆಗಿಲ್ಲ" ಅನ್ನುವ ಅರ್ಥದ ತಪ್ಪು ತೋರಿಸಿದರೆ ಶೆಲ್ ಹೊಸದಾಯಿತು ಅಂತ ಅರ್ಥ. ಹಳೆಯ 1ನೇ ಆವೃತ್ತಿ ಶೆಲ್ ಹುಡುಕಿ ಹಾಕಿ.

ಮೊದಲು ಡೆಲ್‌ನ ಎಚ್200 ಐಟಿ ಫರ್ಮ್‌ವೇರ್, ಅದರ ಮೇಲೆ ಎಲ್‌ಎಸ್‌ಐ 9211ರ ಐಟಿ ಫರ್ಮ್‌ವೇರ್. ಕೊನೆಯ ಆವೃತ್ತಿ 20.00.07.00. ಬೇರೆ 20ರ ಆವೃತ್ತಿ ಸಿಕ್ಕಿತು ಅಂತ ಹಾಕಬೇಡಿ, ಶುರುವಿನ 20ಗಳಲ್ಲಿ ದೋಷ ಇತ್ತು. ಎಲ್‌ಎಸ್‌ಐ ಅನ್ನು 2014ರಲ್ಲಿ ಅವಾಗೋ ಕೊಂಡಿತು, ಅದೇ ಅವಾಗೋ 2016ರಲ್ಲಿ ಬ್ರಾಡ್‌ಕಾಮ್ ಅಂತ ಹೆಸರು ಬದಲಾಯಿಸಿಕೊಂಡಿತು. ಹಾಗಾಗಿ ಫೈಲ್‌ಗಳನ್ನು ಬ್ರಾಡ್‌ಕಾಮ್ ಹೆಸರಲ್ಲಿ ಹುಡುಕಿ. ಬೂಟ್ ರೋಮ್ ಫೈಲ್ ಹಾಕಲೇಬೇಡಿ, ಸಿಸ್ಟಮ್ ಬೇಗ ಎದ್ದೇಳುತ್ತದೆ. ಕೊನೆಗೆ ಬರೆದಿಟ್ಟ ಸ್ಯಾಸ್ ವಿಳಾಸ ವಾಪಸ್ ಹಾಕಿ.

ಅಳಿಸಿದ ಮೇಲೆ, ಹೊಸದು ಪೂರ್ತಿ ಬರೆಯುವ ಮುಂಚೆ ಪವರ್ ಹೋಗಬಾರದು. ಆ ಹಂತದಲ್ಲಿ ಯಾವ ತಪ್ಪು ತೋರಿಸಿದರೂ ಸಿಸ್ಟಮ್ ಆಫ್ ಮಾಡದೆ ಹಾಗೇ ಬಿಟ್ಟು ಇಲ್ಲಿ ಕೇಳಿ, ನಾನು ನೋಡುತ್ತಿರುತ್ತೇನೆ.

ಕೊಪ್ಪಳ ಕೋಟೆ

ಶಕ್ತಿನಗರದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲಿನಕ್ಸ್ ಹಾಕುವವರು ಯಾವ ಲಿನಕ್ಸ್ ಅಂತ ನೋಡಿಕೊಳ್ಳಿ. ರೆಡ್ ಹ್ಯಾಟ್ 8 ಬಂದಾಗ, ಅದು 2019, ಸ್ಯಾಸ್2008 ಕಾರ್ಡ್‌ಗಳ ಐಡಿಗಳನ್ನೇ ಡ್ರೈವರ್‌ನಿಂದ ತೆಗೆದುಹಾಕಿದರು. ಕಾರ್ಡ್ ಪಟ್ಟಿಯಲ್ಲಿ ಕಾಣುತ್ತದೆ, ಡಿಸ್ಕ್ ಒಂದೂ ಬರುವುದಿಲ್ಲ. ಡೆಬಿಯನ್, ಉಬುಂಟುನಲ್ಲಿ ಈ ಗೋಳು ಇಲ್ಲ, ಎಂಪಿಟಿ3ಸ್ಯಾಸ್ ಡ್ರೈವರ್ ತಾನೇ ಲೋಡ್ ಆಗುತ್ತದೆ.

ಇನ್ನು ಬಿಸಿಯ ವಿಷಯ. ಇದನ್ನು ಯಾರೂ ಸುಮ್ನೆ ಬಿಡಬೇಡಿ. ಈ ಕಾರ್ಡ್ ಮೇಲಿನ ಹೀಟ್‌ಸಿಂಕ್ ಸಣ್ಣದು, ಫ್ಯಾನ್ ಇಲ್ಲ. ಸರ್ವರ್ ಒಳಗೆ ಮುಂದಿನಿಂದ ಹಿಂದಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ, ಅದನ್ನು ನಂಬಿಕೊಂಡೇ ಮಾಡಿದ್ದು. 9211ಕ್ಕೆ ಕಂಪನಿ ಕೇಳುವುದು ನಿಮಿಷಕ್ಕೆ 200 ಅಡಿ ವೇಗದ ಗಾಳಿ. ನಮ್ಮ ಕ್ಯಾಬಿನೆಟ್‌ನಲ್ಲಿ ಆ ಜಾಗದಲ್ಲಿ ಗಾಳಿ ಅಲುಗಾಡುವುದೇ ಇಲ್ಲ. ಏಪ್ರಿಲ್, ಮೇನಲ್ಲಿ ಹೊರಗೇ 40 ದಾಟಿರುವಾಗ ಎಸಿ ಇಲ್ಲದ ರೂಮಲ್ಲಿ ಅದರ ಮೇಲೆ ಬೆರಳು ಇಡಲು ಆಗುವುದಿಲ್ಲ. ಬಿಸಿ ಜಾಸ್ತಿಯಾದಾಗ ಕಾರ್ಡ್ ಪೂರ್ತಿ ಸಾಯುವುದಿಲ್ಲ. ದೊಡ್ಡ ಫೈಲ್ ಕಾಪಿ ಮಾಡುವಾಗ ಡಿಸ್ಕ್‌ಗಳು ಒಂದೊಂದಾಗಿ ಮಾಯವಾಗುತ್ತವೆ, ಸಿಆರ್‌ಸಿ ತಪ್ಪುಗಳು (ಡೇಟಾ ಸಾಗುವಾಗ ಆಗುವ ತಪ್ಪುಗಳು) ಏರುತ್ತವೆ. ಜನ ಡಿಸ್ಕ್ ಕೆಟ್ಟಿತು ಅಂದುಕೊಂಡು ಡಿಸ್ಕ್ ಬದಲಾಯಿಸುತ್ತಾರೆ.

40 ಮಿಲಿಮೀಟರ್ ಫ್ಯಾನ್ ಒಂದನ್ನು ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಸಣ್ಣ ಸ್ಕ್ರೂ ತಿರುಗಿಸಿ ಕೂರಿಸಿ. ಹಳೆ ಕಾರ್ಡ್ ಅಂದರೆ ಹೀಟ್‌ಸಿಂಕ್ ಕೆಳಗಿನ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿರುತ್ತದೆ, ಅದನ್ನೂ ಬದಲಾಯಿಸಿ. ಗಂಗಾವತಿಯಲ್ಲಿ ರೈಸ್ ಮಿಲ್‌ಗಳ ಹೊಟ್ಟಿನ ಧೂಳು, ಸಂಡೂರು ಬಳ್ಳಾರಿ ಕಡೆ ಅದಿರಿನ ಕೆಂಪು ಧೂಳು. ಎರಡೂ ಈ ಸಣ್ಣ ರೆಕ್ಕೆಗಳ ನಡುವೆ ಹೋಗಿ ಕೂರುತ್ತವೆ. ಗಾಳಿ ಒಳಗೆ ಬರುವ ಕಡೆ ಜಾಲರಿ ಹಾಕಿ, ಆಗಾಗ ಬ್ಲೋವರ್ ಹೊಡೆಯಿರಿ.

ಎಸ್‌ಎಂಪಿಎಸ್ (ಸಿಸ್ಟಮ್‌ಗೆ ಪವರ್ ಕೊಡುವ ಡಬ್ಬಿ) ಕೂಡ ನೋಡಿ. ದೊಡ್ಡ ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡುವ ಕ್ಷಣದಲ್ಲಿ 12 ವೋಲ್ಟ್‌ನಲ್ಲಿ ಎರಡು ಆಂಪ್ ತನಕ ಎಳೆಯುತ್ತದೆ. ಎಂಟು ಡಿಸ್ಕ್ ಒಟ್ಟಿಗೆ ಎದ್ದರೆ ಅಷ್ಟಕ್ಕೇ ಸುಮಾರು 190 ವ್ಯಾಟ್. ಅಗ್ಗದ ಎಸ್‌ಎಂಪಿಎಸ್ ಅಲ್ಲೇ ಮುಗ್ಗರಿಸುತ್ತದೆ, ಆಮೇಲೆ ಬೈಗುಳ ಕಾರ್ಡ್‌ಗೆ.

ರಾಯಚೂರು ಪ್ರೆಸ್

ಮಾತಿನ ಮಧ್ಯೆ ಬರುತ್ತಿದ್ದೇನೆ, ನನ್ನದು ಇದಕ್ಕಿಂತ ಹಳೇ ಕಥೆ. ನಮ್ಮ ತಂದೆಯವರ ಕಾಲದ ಪ್ರಿಂಟಿಂಗ್ ಪ್ರೆಸ್. ಹಳೆ ಡಿಟಿಪಿ ಸಿಸ್ಟಮ್‌ನ ಎರಡು ಸ್ಕಸಿ ಡಿಸ್ಕ್ (ಹಳೆ ಕಾಲದ ಬೇರೆ ಕನೆಕ್ಟರ್‌ನವು) ಇವೆ, ಜೊತೆಗೆ ಅಡಾಪ್ಟೆಕ್ 29160 ಕಾರ್ಡ್. ಆ ಸಿಸ್ಟಮ್‌ನ ಬೋರ್ಡ್ ಹೋಗಿ ಬಹಳ ದಿನ ಆಯಿತು. ಡಿಸ್ಕ್‌ನಲ್ಲಿ ಊರಿನ ಜಾತ್ರೆ ಪುಸ್ತಿಕೆಗಳು, ಶಾಲೆಗಳ ಸ್ಮರಣ ಸಂಚಿಕೆ, ಕನ್ನಡ, ತೆಲುಗು ಲಗ್ನಪತ್ರಿಕೆಗಳ ಪುಟಗಳು ಎಲ್ಲ ಇವೆ. ಅವು ಬೇರೆಲ್ಲೂ ಇಲ್ಲ. ಕಾರ್ಡ್ ಉದ್ದ ಪಿಸಿಐ, ಹೊಸ ಬೋರ್ಡ್‌ನಲ್ಲಿ ಆ ಸ್ಲಾಟೇ ಇಲ್ಲ. ಪಿಸಿಐಇಯಿಂದ ಪಿಸಿಐಗೆ ಬದಲಾಯಿಸುವ ಅಡಾಪ್ಟರ್ ಸಿಗುತ್ತದಂತೆ. ತರಿಸಲಾ?

ಶಕ್ತಿನಗರ ಲಿನಕ್ಸ್

ಸರ್, ಅಡಾಪ್ಟರ್‌ಗೆ ದುಡ್ಡು ಹಾಕಬೇಡಿ. ಅಗ್ಗದ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಎಎಸ್‌ಎಂ1083 ಅನ್ನುವ ಬ್ರಿಡ್ಜ್ ಚಿಪ್. ಲಿನಕ್ಸ್‌ನಲ್ಲಿ ಅದರ ಇಂಟರಪ್ಟ್ ತೊಂದರೆ ಹಳೆಯದು. ಕಾಪಿ ಅರ್ಧಕ್ಕೆ ಬಂದಾಗ ಕಾರ್ಡ್ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ನಿಮ್ಮ ಹತ್ತಿರ ಇರುವುದು ಒಂದೇ ಪ್ರತಿ. ಅಂಥ ಡಿಸ್ಕ್‌ಗೆ ಅರ್ಧಕ್ಕೆ ನಿಲ್ಲುವ ದಾರಿ ಬೇಡ.

ಜಿ31 ಅಥವಾ ಜಿ41 ಬೋರ್ಡ್ ಇರುವ ಹಳೆ ಸಿಸ್ಟಮ್ ಹುಡುಕಿ. ಅದರಲ್ಲಿ ಬಿಳಿ ಪಿಸಿಐ ಸ್ಲಾಟ್ ಇರುತ್ತದೆ. ಇಲ್ಲೇ ಸಿಗದಿದ್ದರೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ವಿಚಾರಿಸಿ, ರಾಯಚೂರಿನಿಂದ ಬೆಂಗಳೂರಿಗಿಂತ ಅದೇ ಹತ್ತಿರ. 29160 ಕಾರ್ಡ್ 64 ಬಿಟ್‌ನದು, ಆದರೂ ಸಾದಾ 32 ಬಿಟ್ ಸ್ಲಾಟ್‌ನಲ್ಲಿ ನಡೆಯುತ್ತದೆ. ಹಿಂದಿನ ಪಿನ್‌ಗಳು ಸ್ಲಾಟ್ ಆಚೆ ಗಾಳಿಯಲ್ಲಿ ನಿಲ್ಲುತ್ತವೆ, ಅದು ಸರಿಯೇ. ಆ ಜಾಗದಲ್ಲಿ ಬೋರ್ಡ್‌ನ ಕೆಪಾಸಿಟರ್ ಏನಾದರೂ ತಾಗುತ್ತದಾ ಅಂತ ಮಾತ್ರ ನೋಡಿ.

ಸ್ಕಸಿಯಲ್ಲಿ ಮರೆಯಬಾರದ ಎರಡು ವಿಷಯ. ಕೇಬಲ್‌ನ ಕೊನೆಯಲ್ಲಿ ಟರ್ಮಿನೇಟರ್ (ಲೈನ್ ಮುಗಿಸುವ ಸಣ್ಣ ತುಂಡು) ಇರಲೇಬೇಕು, ಹಳೆ ಸಿಸ್ಟಮ್‌ನ ಕೇಬಲ್ ಇದ್ದರೆ ಅದನ್ನೇ ಬಳಸಿ. ಮತ್ತೆ ಪ್ರತಿ ಡಿಸ್ಕ್‌ಗೂ ಬೇರೆ ಐಡಿ ಇರಬೇಕು. ಕಾರ್ಡ್ ತಾನು 7 ಇಟ್ಟುಕೊಂಡಿರುತ್ತದೆ, ಡಿಸ್ಕ್‌ಗಳಿಗೆ ಜಂಪರ್‌ನಲ್ಲಿ 0, 1 ಇಡಿ. ನಾನಾದರೆ ಒಂದು ಸಲಕ್ಕೆ ಒಂದೇ ಡಿಸ್ಕ್ ಸಿಕ್ಕಿಸುತ್ತೇನೆ.

ವಿಂಡೋಸ್‌ನಲ್ಲಿ ತೆರೆಯಬೇಡಿ. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಎದ್ದರೆ ಎಐಸಿ7ಎಕ್ಸ್‌ಎಕ್ಸ್‌ಎಕ್ಸ್ ಡ್ರೈವರ್ ತಾನೇ ಬರುತ್ತದೆ. ಡಿಸ್ಕ್ ಮೌಂಟ್ ಮಾಡದೆ (ತೆರೆಯದೆ) ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂನಿಂದ ಪೂರ್ತಿ ಇಮೇಜ್ (ಇಡೀ ಡಿಸ್ಕ್‌ನ ಪ್ರತಿ) ತೆಗೆಯಿರಿ. ಇಷ್ಟು ವರ್ಷ ನಿಂತ ಡಿಸ್ಕ್ ಮತ್ತೆ ಎಷ್ಟು ಹೊತ್ತು ತಿರುಗುತ್ತದೋ ಹೇಳಲು ಬರುವುದಿಲ್ಲ. ಮೊದಲ ತಿರುಗುವಿಕೆಯಲ್ಲೇ ಎಲ್ಲ ಹೊರಗೆ ಬರಬೇಕು. ಫೈಲ್ ಹುಡುಕುವುದೆಲ್ಲ ಆಮೇಲೆ, ಇಮೇಜ್ ಮೇಲೆ.

ಇನ್ನೊಂದು ಮಾತು, ಇದು ಮುಖ್ಯ. ಪುಟದ ಫೈಲ್ ಜೊತೆ ಫಾಂಟ್ ಫೋಲ್ಡರ್ ಕೂಡ ಎತ್ತಿಡಿ. ಆ ಕಾಲದ ಕನ್ನಡ ಯುನಿಕೋಡ್ ಅಲ್ಲ. ಶ್ರೀಲಿಪಿಯಂಥ ತಂತ್ರಾಂಶದ ಅದೇ ಫಾಂಟ್ ಇಲ್ಲದಿದ್ದರೆ ಪುಟ ತೆರೆದಾಗ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಡಿಸ್ಕ್ ಉಳಿದೂ ಪುಟ ಹೋದ ಹಾಗೆ ಆಗುತ್ತದೆ.

ರಾಯಚೂರು ಪ್ರೆಸ್

ಫಾಂಟ್ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ಜಿ41 ಬೋರ್ಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೇ ಇದೆ, ಕೇಳುತ್ತೇನೆ.

ಸಿಂಧನೂರು ನೆಟ್

ನನ್ನದೂ ಒಂದು ಇದೆ. ಮಾರ್ವೆಲ್ 9230 ಚಿಪ್‌ನ ನಾಲ್ಕು ಪೋರ್ಟ್ ಕಾರ್ಡ್. ಹಳೆ ಸಿಸ್ಟಮ್‌ನಲ್ಲಿ ಸರಿಯಾಗಿತ್ತು. ಹೊಸ ಬೋರ್ಡ್‌ಗೆ ಹಾಕಿದ ಮೇಲೆ ಬಯೋಸ್‌ನಲ್ಲಿ ಡಿಸ್ಕ್ ಕಾಣುತ್ತವೆ, ಲಿನಕ್ಸ್ ಎದ್ದ ಮೇಲೆ ಮಾಯ. ಟೇಪ್ ಹಾಕಬೇಕಾ?

ಕೌಲ್‌ಬಜಾರ್ ಹಾರ್ಡ್‌ವೇರ್

ಬೇಡ. ನೀವು ಹೇಳಿದ್ದರಲ್ಲೇ ಉತ್ತರ ಇದೆ. ಆನ್ ಆಗುತ್ತದೆ, ಅಂದಮೇಲೆ ಪಿನ್ ತಕರಾರು ಅಲ್ಲ. ಬಯೋಸ್‌ನಲ್ಲಿ ಕಾಣುತ್ತದೆ, ಅಂದಮೇಲೆ ರೋಮ್ ತಕರಾರೂ ಅಲ್ಲ. ಓಎಸ್ ಎದ್ದ ಮೇಲೆ ಹೋಗುತ್ತದೆ ಅಂದರೆ ಡ್ರೈವರ್ ಅಥವಾ ಐಓಎಂಎಂಯು, ಅಂದರೆ ಕಾರ್ಡ್‌ಗಳು ಮೆಮೊರಿ ಮುಟ್ಟುವುದನ್ನು ಕಾಯುವ ಭಾಗ, ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಡಿ. ಈ ಮಾರ್ವೆಲ್ ಚಿಪ್‌ಗಳು ಮೆಮೊರಿಗೆ ಬರೆಯುವಾಗ ತಮ್ಮ ನಂಬರ್ ಬದಲು ಇಲ್ಲದಿರುವ ಇನ್ನೊಂದು ನಂಬರ್ ಹೇಳುತ್ತವೆ. ಹಳೆ ಬೋರ್ಡ್‌ನಲ್ಲಿ ಕೇಳುವವರು ಇರಲಿಲ್ಲ. ಹೊಸ ಬೋರ್ಡ್‌ನಲ್ಲಿ ವಿಟಿ-ಡಿ ಆನ್ ಇದ್ದರೆ ಅದು ತಡೆಯುತ್ತದೆ. ಬಯೋಸ್‌ನಲ್ಲಿ ವಿಟಿ-ಡಿ ಆಫ್ ಮಾಡಿ ನೋಡಿ. ವರ್ಚುವಲ್ ಮಷೀನ್‌ಗೆ ಅದು ಬೇಕು ಅಂದರೆ ಹೊಸ ಕರ್ನಲ್ ಹಾಕಿ, ಇದಕ್ಕೆ ಅದರಲ್ಲಿ ಪರಿಹಾರ ಸೇರಿಸಿದ್ದಾರೆ.

ಮತ್ತೆ ಯಾರಿಗಾದರೂ ಹಳೆ ಕಾರ್ಡ್ ಒಮ್ಮೆ ಕಂಡು ಒಮ್ಮೆ ಕಾಣದಿದ್ದರೆ, ಆ ಸ್ಲಾಟ್‌ನ ಸ್ಪೀಡ್ ಆಟೋ ಬಿಟ್ಟು ಜೆನ್ 2 ಅಥವಾ ಜೆನ್ 1 (ಪಿಸಿಐಇಯ ಹಳೆ ತಲೆಮಾರು) ಅಂತ ಕೈಯಾರೆ ಇಡಿ. ಜೆನ್ 4, ಜೆನ್ 5 ಸ್ಲಾಟ್‌ಗಳು ಹಳೆ ಕಾರ್ಡ್ ಜೊತೆ ಸ್ಪೀಡ್ ಮಾತುಕತೆ ಮುಗಿಸಲಾರದೆ ಕೆಲವೊಮ್ಮೆ ಕೈಬಿಡುತ್ತವೆ.

ಸಿಂಧನೂರು ನೆಟ್

ವಿಟಿ-ಡಿ ಆಫ್ ಮಾಡಿದೆ, ನಾಲ್ಕೂ ಡಿಸ್ಕ್ ಬಂದವು. ಥ್ಯಾಂಕ್ಸ್ ಸರ್.

ಗಂಗಾವತಿ ಸ್ಟುಡಿಯೋ

ಐಟಿ ಮೋಡ್ ಆಯಿತು ಅಣ್ಣಂದಿರೇ. ನೆರೆಯವರ ಎಚ್81 ಬೋರ್ಡ್ ತಂದು, ಯುಪಿಎಸ್ ಮೇಲೆ ಮಾಡಿದೆ. ಶಕ್ತಿನಗರದ ಸರ್ ಹೇಳಿದ ಸಾಲಿನಲ್ಲೇ ಹೋದೆ, ಎಲ್ಲೂ ತಪ್ಪು ಬರಲಿಲ್ಲ. ಈಗ ನನ್ನ ಸಿಸ್ಟಮ್‌ನಲ್ಲಿ ವಿಂಡೋಸ್ 10 ತಾನೇ ಡ್ರೈವರ್ ಹಾಕಿಕೊಂಡು ಕಾರ್ಡ್ ತೋರಿಸುತ್ತಿದೆ. ಫ್ಯಾನೂ ಕೂರಿಸಿದ್ದೇನೆ.

ಕೊನೆಗೆ ಉಳಿದಿದ್ದು ಕೇಬಲ್. ಒಂದು ತುದಿಯಲ್ಲಿ ಅಗಲದ ಕನೆಕ್ಟರ್, ಇನ್ನೊಂದು ಕಡೆ ನಾಲ್ಕು ಸಾಟಾ. ಆನ್‌ಲೈನ್‌ನಲ್ಲಿ ಎರಡು ತರಹ ಇದೆ, ಫೋಟೋದಲ್ಲಿ ಎರಡೂ ಒಂದೇ. ಯಾವುದು ತರಿಸಲಿ?

ಕೊಪ್ಪಳ ಕೋಟೆ

ಎಸ್‌ಎಫ್‌ಎಫ್-8087, ಫಾರ್ವರ್ಡ್ ಬ್ರೇಕ್‌ಔಟ್ ಅಂತ ಬರೆದಿರುವುದನ್ನೇ ತರಿಸಿ. ರಿವರ್ಸ್ ಅಂತ ಇರುವುದು ಬೋರ್ಡ್‌ನ ನಾಲ್ಕು ಸಾಟಾ ಪೋರ್ಟ್‌ನಿಂದ ಸರ್ವರ್‌ನ ಡಿಸ್ಕ್ ಪಂಜರಕ್ಕೆ ಹೋಗುವುದು. ಅದನ್ನು ನಿಮ್ಮ ಕಾರ್ಡ್‌ಗೆ ಹಾಕಿದರೆ ಒಂದು ಡಿಸ್ಕ್ ಕೂಡ ಕಾಣುವುದಿಲ್ಲ. ಉದ್ದ ಅರ್ಧ ಮೀಟರ್ ಸಾಕು, ಒಂದು ಮೀಟರ್ ಮೀರಬಾರದು. ಎಂಟು ಡಿಸ್ಕ್‌ಗೆ ಎರಡು ಕೇಬಲ್ ಬೇಕು. ನಾಲ್ಕು ಸಾಟಾ ತುದಿಗಳ ಮೇಲೆ ಪಿ1ರಿಂದ ಪಿ4ರ ತನಕ ಬರೆದಿರುತ್ತದೆ, ಯಾವುದಕ್ಕೆ ಯಾವ ಡಿಸ್ಕ್ ಹಾಕಿದಿರಿ ಅಂತ ಡಿಸ್ಕ್‌ನ ಸೀರಿಯಲ್ ನಂಬರ್ ಸಮೇತ ಚೀಟಿ ಬರೆದು ಕ್ಯಾಬಿನೆಟ್ ಬಾಗಿಲ ಒಳಗೆ ಅಂಟಿಸಿ.

ಎಸ್‌ಎಸ್‌ಡಿ ಇದ್ದರೆ ಅದನ್ನು ಈ ಕಾರ್ಡ್‌ಗೆ ಕೊಡಬೇಡಿ, ಟ್ರಿಮ್ (ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವುದು) ಸರಿಯಾಗಿ ನಡೆಯುವುದಿಲ್ಲ. ಬೋರ್ಡ್‌ನ ಸಾಟಾ ಪೋರ್ಟ್‌ನಲ್ಲೇ ಇರಲಿ.

ಗಂಗಾವತಿ ಸ್ಟುಡಿಯೋ

ಎರಡು ಫಾರ್ವರ್ಡ್ ಕೇಬಲ್ ಆರ್ಡರ್ ಮಾಡಿದೆ ಅಣ್ಣ. ಬಂದ ಮೇಲೆ ಮೊದಲು ಖಾಲಿ ಡಿಸ್ಕ್ ಸಿಕ್ಕಿಸಿ ಒಂದು ರಾತ್ರಿ ಕಾಪಿ ಓಡಿಸಿ ನೋಡುತ್ತೇನೆ, ಅದಾದ ಮೇಲೆ ಮದುವೆ ಡಿಸ್ಕ್‌ಗಳು. ಸಿಆರ್‌ಸಿ ಸೊನ್ನೆ ಇದ್ದರೆ ಇಲ್ಲಿ ಬರೆಯುತ್ತೇನೆ.